ಬೆಳೆಗೆ ವಿಮೆ ಇದೆ, ಸರಕಿಗೆ ಯಾಕಿಲ್ಲ?

ನಂದೊಳ್ಳಿಯ ಸುತ್ತಮುತ್ತಲಿನ ಅಡಿಕೆ ಬೆಳೆಗಾರರಿಗೆ ವಿಮೆ ಹೊಸದೇನಲ್ಲ. ಅಡಿಕೆ ಹಾಗೂ ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು ಕಟ್ಟುವುದು ಈಗ ರೂಢಿಯಾಗಿದೆ. ಆದರೆ ಆ ವಿಮೆ ತೋಟದಲ್ಲಿರುವ ಬೆಳೆಗೆ ಮಾತ್ರ. ಇಂದು ಯಲ್ಲಾಪುರ, ಶಿರಸಿ, ಸಿದ್ದಾಪುರ ತಾಲ್ಲೂಕುಗಳ ಹಲವು ಮನೆಗಳಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೇನುತುಪ್ಪ, ಹಲಸಿನ ಹಪ್ಪಳಗಳು ಅಂತರ್ಜಾಲದ ಮೂಲಕ ದೂರದ ಗಿರಾಕಿಗಳಿಗೆ ನೇರವಾಗಿ ಮಾರಾಟವಾಗುತ್ತಿವೆ. ಹೀಗೆ ಮಾರುವವರು ಕೃಷಿಕರಷ್ಟೇ ಅಲ್ಲ, ವ್ಯಾಪಾರಿಗಳೂ ಹೌದು. ವ್ಯಾಪಾರದ ನಷ್ಟವನ್ನು ಬೆಳೆ ವಿಮೆ ತುಂಬಿಕೊಡುವುದಿಲ್ಲ.

2021ರ ಜುಲೈ ಮಳೆಯಲ್ಲಿ ನಮ್ಮದೇ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆಗಳು ಹಾಳಾದುದನ್ನು ಯಾರೂ ಮರೆತಿಲ್ಲ. ಅಂತಹ ದಿನ ಅಟ್ಟದಲ್ಲಿ ನೂರಾರು ಬಾಟಲಿ ಉಪ್ಪಿನಕಾಯಿ ಇದ್ದರೆ ಗತಿಯೇನು? ಮನೆಗೆ ಮಾಡಿಸಿದ ವಿಮೆಯಲ್ಲಿ ವ್ಯಾಪಾರದ ದಾಸ್ತಾನು ಸಾಮಾನ್ಯವಾಗಿ ಸೇರುವುದಿಲ್ಲ.

ಆದುದರಿಂದ ಸರಕು ಸಾಗುವ ದಾರಿಯನ್ನು ಅನುಸರಿಸಿ ವಿಮೆಯನ್ನು ಆರಿಸಿಕೊಳ್ಳುವುದು ಸೂಕ್ತ.

ಮೊದಲನೆಯದು ದಾಸ್ತಾನಿನ ವಿಮೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯು 5 ಕೋಟಿ ರೂಪಾಯಿವರೆಗಿನ ಆಸ್ತಿ ಮತ್ತು ದಾಸ್ತಾನಿಗೆ ದೊರೆಯುತ್ತದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ ಇದರಲ್ಲಿ ಸೇರಿವೆ. ಆದರೆ ತೇವದಿಂದ ನಿಧಾನವಾಗಿ ಬೂಸರು ಹಿಡಿದರೆ ಪರಿಹಾರವಿಲ್ಲ. ಮಾಮೂಲು ಕಳ್ಳತನಕ್ಕೆ ಬೇರೆ ಪಾಲಿಸಿ ಬೇಕು.

ಎರಡನೆಯದು ಸಾಗಾಣಿಕೆ ವಿಮೆ. ಕೊರಿಯರ್ ರಶೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿರಿ. ಸರಕು ಕಳೆದರೆ ಕೊಡುವ ಹಣಕ್ಕೆ ಅಲ್ಲಿ ಮಿತಿ ಹಾಕಿರುತ್ತಾರೆ. ಸಾಗಾಣಿಕೆ ವಿಮೆ ಇದ್ದರೂ, ಪ್ಯಾಕಿಂಗ್ ಸರಿಯಿಲ್ಲದೆ ಬಾಟಲಿ ಒಡೆದರೆ ಪರಿಹಾರ ಸಿಗದು.

ಮೂರನೆಯದು ಉತ್ಪನ್ನ ಹೊಣೆಗಾರಿಕೆ ವಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವುಳ್ಳ ಪದಾರ್ಥದಿಂದ ಗಿರಾಕಿಗೆ ಹಾನಿಯಾದರೆ ತಯಾರಿಸಿದವರು ಪರಿಹಾರ ಕೊಡಬೇಕಾಗಬಹುದು. ಮನೆಯಲ್ಲಿ ಮಾಡಿದ್ದೆಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಕಂತು ಉಳಿಸಲೆಂದು ಬೆಲೆ ಕಡಿಮೆ ತೋರಿಸುವುದು ದೊಡ್ಡ ತಪ್ಪು. ಉದಾಹರಣೆಗೆ, 4 ಲಕ್ಷ ರೂಪಾಯಿಯ ದಾಸ್ತಾನಿಗೆ 2 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ, 1 ಲಕ್ಷದ ಸರಕು ಹಾಳಾದರೆ ಸಿಗುವುದು ಸುಮಾರು 50 ಸಾವಿರವಷ್ಟೆ. ಅದರಲ್ಲಿಯೂ ಪಾಲಿಸಿಯಲ್ಲಿ ಹೇಳಿದ ಮೊದಲ ಮೊತ್ತವನ್ನು ಕಳೆಯುತ್ತಾರೆ. ಮಿಡಿಯ ಹಂಗಾಮು ಮುಗಿದಾಗ ದಾಸ್ತಾನು ಅತಿ ಹೆಚ್ಚು ಇರುತ್ತದೆ. ಆಗಿನ ಬೆಲೆಗೆ ವಿಮೆ ಮಾಡಿಸಬೇಕು. ಸರಕನ್ನು ಸೌದೆ ಒಲೆಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರೆ ಅರ್ಜಿಯಲ್ಲಿ ಹಾಗೆಯೇ ತಿಳಿಸಿರಿ. ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ಅದೇ ತೊಡಕಾಗುತ್ತದೆ. ದಾಸ್ತಾನು ಪುಸ್ತಕ, ಖರೀದಿ ರಶೀದಿ, ರವಾನೆಯ ಚೀಟಿಗಳ ಒಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಡುವುದು ಜಾಣತನ.

ತಿಂಗಳಿಗೆ ಇಪ್ಪತ್ತು ಮೂವತ್ತು ಪೊಟ್ಟಣ ಕಳಿಸುವ ಗೃಹಿಣಿ ಈ ಮೂರೂ ಪಾಲಿಸಿಗಳನ್ನು ಒಬ್ಬಳೇ ಕೊಳ್ಳುವುದು ಕಷ್ಟವೆಂಬುದು ನಿಜ. ಇಲ್ಲಿಯೇ ಸಹಕಾರಿ ಸಂಘಗಳು ಮುಂದೆ ಬರಬೇಕೆಂಬುದು ನನ್ನ ಅಭಿಪ್ರಾಯ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ್ದು ಒಬ್ಬೊಬ್ಬರಿಂದ ಆಗದ ಅಡಿಕೆ ಮಾರಾಟವನ್ನು ಎಲ್ಲರೂ ಸೇರಿ ಮಾಡುವುದಕ್ಕಾಗಿ. ಅದೇ ರೀತಿ ಸದಸ್ಯರ ಸರಕನ್ನು ಸಂಘವೇ ಒಂದೆಡೆ ಸಂಗ್ರಹಿಸಿ, ಸಂಘದ ಹೆಸರಿನಲ್ಲಿಯೇ ರವಾನಿಸಿ, ವರ್ಷಕ್ಕೊಂದು ಪಾಲಿಸಿ ಪಡೆದರೆ ಖರ್ಚು ಹಂಚಿಹೋಗುತ್ತದೆ. ಬರುವ ವಾರ್ಷಿಕ ಸಭೆಯಲ್ಲಿ ರೈತ ಬಾಂಧವರು ಈ ವಿಷಯವನ್ನು ಎತ್ತಬೇಕು. ಅಲ್ಲಿಯವರೆಗೆ ಕನಿಷ್ಠ ದಾಸ್ತಾನಿನ ವಿಮೆಯನ್ನಾದರೂ ಮಳೆಗಾಲಕ್ಕೆ ಮುಂಚೆ ಮಾಡಿಸಿಕೊಳ್ಳುವುದು ಒಳ್ಳೆಯದು.