ವರದಿಯಲ್ಲಿ ‘ಆಸ್ಪರ್ಜರ್’ ಹೋಗಿ ‘ಆಟಿಸಂ’ ಬಂದರೆ ಮಗುವಿನ ಸಮಸ್ಯೆ ಹೆಚ್ಚಾಗಿದೆ ಎಂದರ್ಥವೇ?

ಹಳೆಯ ವರದಿಯಲ್ಲಿ ‘ಆಸ್ಪರ್ಜರ್’ ಅಥವಾ ‘ಪಿಡಿಡಿ-ಎನ್‌ಒಎಸ್’ ಎಂದಿದ್ದ ಮಗುವಿಗೆ ಈಗ ವೈದ್ಯರು ‘ಆಟಿಸಂ’ ಎಂದು ಬರೆದುಕೊಟ್ಟರೆ ಪೋಷಕರು ಗಾಬರಿಯಾಗುವುದು ಸಹಜ. ಸಮಸ್ಯೆ ಉಲ್ಬಣಿಸಿತೇ? ಮೊದಲ ವೈದ್ಯರು ತಪ್ಪು ಹೇಳಿದ್ದರೇ? ಈ ಗೊಂದಲಕ್ಕೆ ಮುಖ್ಯ ಕಾರಣ ಬದಲಾದ ವರ್ಗೀಕರಣ. ಅದು ಹೇಗೆಂದು ನಾವು ಇಲ್ಲಿ ನೋಡೋಣ.

ಮೊದಲು ಹೇಗಿತ್ತು?

ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ಡಿಎಸ್‌ಎಂ-4 ಕೈಪಿಡಿಯಲ್ಲಿ ಒಂದೇ ಗುಂಪಿನಡಿ ಐದು ಹೆಸರುಗಳಿದ್ದವು: ಆಟಿಸ್ಟಿಕ್ ಡಿಸಾರ್ಡರ್, ಆಸ್ಪರ್ಜರ್, ರೆಟ್, ಕಲಿತ ಮಾತು ಮತ್ತು ಕೌಶಲಗಳನ್ನು ಮಗು ಕಳೆದುಕೊಳ್ಳುವ ಡಿಸ್‌ಇಂಟಿಗ್ರೇಟಿವ್ ಡಿಸಾರ್ಡರ್ ಹಾಗೂ ಪಿಡಿಡಿ-ಎನ್‌ಒಎಸ್. ಮಾತು ಸಕಾಲಕ್ಕೆ ಬಂದು ಬುದ್ಧಿಶಕ್ತಿಯೂ ವಯಸ್ಸಿಗೆ ತಕ್ಕಂತಿದ್ದರೆ ಆಸ್ಪರ್ಜರ್. ಲಕ್ಷಣಗಳಿದ್ದೂ ಯಾವ ಹೆಸರಿಗೂ ಪೂರ್ತಿ ಹೊಂದದಿದ್ದರೆ ಪಿಡಿಡಿ-ಎನ್‌ಒಎಸ್. ಆದರೆ ಇವುಗಳ ನಡುವಿನ ಗೆರೆ ಸ್ಪಷ್ಟವಿರಲಿಲ್ಲ. ಒಂದೇ ಬಗೆಯ ಲಕ್ಷಣಗಳಿಗೆ ಒಂದೊಂದು ಕೇಂದ್ರದಲ್ಲಿ ಒಂದೊಂದು ಹೆಸರು ಸಿಗುತ್ತಿತ್ತು.

ಈಗ ಏನಾಗಿದೆ?

2013ರ ಡಿಎಸ್‌ಎಂ-5 ಈ ಹೆಸರುಗಳನ್ನು ‘ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್’ (ಎಎಸ್‌ಡಿ) ಎಂಬ ಒಂದೇ ಹೆಸರಿನಡಿ ತಂದಿತು. ರೆಟ್ ಮಾತ್ರ ಹೊರಗುಳಿಯಿತು. ಬಹುತೇಕ ಪ್ರಕರಣಗಳಲ್ಲಿ ಅದಕ್ಕೆ ಎಂಇಸಿಪಿ2 ಜೀನ್‌ನ ಬದಲಾವಣೆ ಕಾರಣವೆಂದು 1999ರಲ್ಲೇ ಗೊತ್ತಾಗಿತ್ತು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಕೂಡ ಇದೇ ದಾರಿ ಹಿಡಿದಿದೆ.

ಈಗ ವೈದ್ಯರು ಮುಖ್ಯವಾಗಿ ನೋಡುವುದು ಎರಡು ಅಂಶಗಳನ್ನು: ಇತರರೊಡನೆ ಬೆರೆಯುವುದರಲ್ಲಿ, ಸಂವಹನದಲ್ಲಿ ಇರುವ ತೊಡಕು, ಮತ್ತೆ ಮತ್ತೆ ಮಾಡುವ ವರ್ತನೆ ಹಾಗೂ ಸೀಮಿತ ಆಸಕ್ತಿಗಳು. ಬೌದ್ಧಿಕ ಬೆಳವಣಿಗೆ ಮತ್ತು ಭಾಷೆಯ ಸ್ಥಿತಿಯನ್ನು ಪ್ರತ್ಯೇಕವಾಗಿ ನಮೂದಿಸುತ್ತಾರೆ.

‘ಲೆವೆಲ್ 2’ ಎಂದರೆ?

ಡಿಎಸ್‌ಎಂ-5ರ ಲೆವೆಲ್ 1, 2, 3 ಮಗುವಿಗೆ ಎಷ್ಟು ನೆರವು ಬೇಕೆಂದು ಸೂಚಿಸುತ್ತವೆ. ಇದು ಬುದ್ಧಿಮತ್ತೆಯ ಅಂಕವಲ್ಲ. ಬೇಕಾದ ನೆರವು ಕಾಲಕ್ರಮದಲ್ಲಿ ಬದಲಾಗಬಹುದು.

ಭಾರತದಲ್ಲಿ ಹೆಸರು ಏಕೆ ಮುಖ್ಯ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವುದು ‘ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್’ ಎಂಬ ಹೆಸರನ್ನೇ. ಜನ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯಿಂದ ಹಳೆಯ ಹೆಸರಿಗೇ ಅಂಟಿಕೊಂಡರೆ ಪ್ರಮಾಣಪತ್ರ ಮತ್ತು ಸೌಲಭ್ಯ ಪಡೆಯುವುದು ತಡವಾಗಬಹುದು. ಪ್ರಮಾಣಪತ್ರಕ್ಕೆ ಐಎಸ್‌ಎಎ ಎಂಬ 40 ಅಂಶಗಳ ಭಾರತೀಯ ಮಾಪನವನ್ನು ಬಳಸುತ್ತಾರೆ. ಅದರ ಶೇಕಡಾವಾರು ಮತ್ತು ವೈದ್ಯರು ಬರೆದ ‘ಲೆವೆಲ್’ ಬೇರೆ ಬೇರೆ. ಒಂದನ್ನು ಇನ್ನೊಂದರೊಡನೆ ಹೋಲಿಸಬೇಡಿ.

ಹೆಸರು ಬದಲಾಯಿತೆಂದು ಥೆರಪಿ ನಿಲ್ಲಿಸಬೇಡಿ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಹೀಗೆ ಕೇಳಿ: ಮಗುವಿಗೆ ಈಗ ಯಾವ ವಿಷಯದಲ್ಲಿ, ಎಷ್ಟು ನೆರವು ಬೇಕು? ಕಲಿತಿದ್ದ ಮಾತು ಅಥವಾ ಕೌಶಲ ಕಡಿಮೆಯಾಗುತ್ತಿದ್ದರೆ ಮಾತ್ರ ಅದನ್ನು ವರ್ಗೀಕರಣದ ಬದಲಾವಣೆ ಎಂದು ಸುಮ್ಮನಿರದೆ ಕೂಡಲೇ ತಪಾಸಣೆ ಮಾಡಿಸಿ.