ಬೈಗುಳ ಪಂಚಾಯಿತಿಗೆ, ಬೀಗದಕೈ ವಿಧಾನಸೌಧಕ್ಕೆ

ಬೆಂಗಳೂರಿನ ರಸ್ತೆ ಮಳೆಗೆ ಕೆರೆಯಾದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಈ ಕಾರ್ಪೊರೇಟರುಗಳನ್ನು ಮನೆಗೆ ಕಳಿಸಿ, ಒಬ್ಬ ಖಡಕ್ ಐಎಎಸ್ ಅಧಿಕಾರಿಯ ಕೈಗೆ ಊರು ಕೊಟ್ಟು ನೋಡಿ. ಕೊಟ್ಟು ನೋಡಿಯಾಗಿದೆ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. 2025ರಲ್ಲಿ ಪಾಲಿಕೆಯನ್ನು ಐದು ಹೋಳು ಮಾಡುವವರೆಗೂ ಅಧಿಕಾರಿಗಳದ್ದೇ ಆಡಳಿತ. ರಸ್ತೆಗುಂಡಿಗಳಿಗೆ ಈ ಬದಲಾವಣೆ ತಿಳಿದಂತೆ ಕಾಣಲಿಲ್ಲ.

ಸ್ಥಳೀಯ ಸಂಸ್ಥೆ ಸೋಲುವುದು ಅಲ್ಲಿ ಕೂತವರು ದಡ್ಡರೆಂದಲ್ಲ. ಹೊಣೆಯನ್ನು ಅವರ ಹೆಸರಿಗೆ ಬರೆದು, ಅಧಿಕಾರವನ್ನು ಮೇಲಿನವರೇ ಇಟ್ಟುಕೊಂಡಿದ್ದಾರೆ. ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆಂದು 18 ವಿಷಯಗಳನ್ನು ಪಟ್ಟಿ ಮಾಡಿತು. ಕೊಡುವುದು ಬಿಡುವುದು ರಾಜ್ಯದ ಇಷ್ಟ ಎಂದೂ ಇಟ್ಟಿತು. ಹಾಗಾಗಿ ಬೆಂಗಳೂರಿನಲ್ಲಿ ನೀರು ಜಲಮಂಡಳಿಯದು, ಬಸ್ಸು ಬಿಎಂಟಿಸಿಯದು, ಬಡಾವಣೆ ಬಿಡಿಎಯದು. ಪಾಲಿಕೆ ಹಾಕಿಸಿದ ಡಾಂಬರನ್ನು ಜಲಮಂಡಳಿ ಅಗೆದರೆ ಬೈಸಿಕೊಳ್ಳುವವನು ಕಾರ್ಪೊರೇಟರ್.

ಹಳ್ಳಿಯ ಕಥೆ ಇನ್ನೂ ಸೊಗಸು. ಮೋಟರು ಸುಟ್ಟರೆ ಜನ ಹಿಡಿಯುವುದು ನೀರುಗಂಟಿಯನ್ನು. ಅವನು ಪಿಡಿಒ ಕಡೆ ಕೈ ತೋರಿಸುತ್ತಾನೆ. ಜಲಜೀವನ್ ಮಿಷನ್ನಿನ ಪೈಪು ಹಾಕಿಸುವುದು ರಾಜ್ಯದ ಇಲಾಖೆ, ಟೆಂಡರೂ ಅದರದೇ. ಮುಗಿದ ಮೇಲೆ ಪಂಚಾಯಿತಿಗೆ ಹಸ್ತಾಂತರ. ಅಲ್ಲಿಂದಾಚೆ ಸೋರಿಕೆ, ರಿಪೇರಿ, ಕರೆಂಟ್ ಬಿಲ್ಲು, ಹಿಡಿಶಾಪ ಎಲ್ಲವೂ ಪಂಚಾಯಿತಿಯದೇ. 15ನೇ ಹಣಕಾಸು ಆಯೋಗದ ಅನುದಾನದಲ್ಲೂ ಶೇ. 60ರಷ್ಟು ನೀರು, ನೈರ್ಮಲ್ಯಕ್ಕೆಂದೇ ಮೀಸಲಾಗಿತ್ತು. ನೀರಿಗೆ ಹಣ ಬೇಡವೆಂದಲ್ಲ. ಊರಿಗೆ ಮೊದಲು ಏನಾಗಬೇಕೆಂದು ದೆಹಲಿಯಲ್ಲೇ ತೀರ್ಮಾನವಾದರೆ ಗ್ರಾಮಸಭೆ ಸೇರಿ ಮಾತಾಡುವುದೇನನ್ನು?

ಇದೇ ರಾಜ್ಯ ಬೇರೆ ದಾರಿಯನ್ನೂ ಕಂಡಿತ್ತು. ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ನಜೀರ್ ಸಾಬರು, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದಾಗ ತಮ್ಮ ಕೈಲಿದ್ದ ಅಧಿಕಾರವನ್ನೇ ಕೆಳಕ್ಕೆ ಇಳಿಸಲು ಹೊರಟರು. 1987ರ ಚುನಾವಣೆಯ ನಂತರ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗೆ. ಈಗ? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪೈಪೋಟಿಗೆ ಇನ್ನೊಬ್ಬ ಪ್ರತಿನಿಧಿ ಇಲ್ಲದಿದ್ದರೆ ಯಾವ ಶಾಸಕರಿಗೆ ತಾನೇ ಬೇಸರ?

ಸದಸ್ಯರಿಗೆ ವಿದ್ಯಾರ್ಹತೆ ಕಡ್ಡಾಯ ಮಾಡಿ ಎನ್ನುವವರು, ಆ ನಿಯಮ ಶಾಸಕರಿಗೂ ಇರಲಿ ಎಂದ ಕೂಡಲೇ ಮಾತು ಬದಲಿಸುತ್ತಾರೆ. ಆದರೆ ಒಂದು ಆಕ್ಷೇಪಕ್ಕೆ ತೂಕವಿದೆ: ಅಧಿಕಾರ ಊರಿಗೆ ಬಂದರೆ ಊರ ಬಲಾಢ್ಯರೇ ಅದನ್ನು ನುಂಗುತ್ತಾರೆ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಬಗ್ಗೆ ಅಪನಂಬಿಕೆ ತೋರಿದ್ದು ಸುಮ್ಮನೆ ಅಲ್ಲ. ಕೇರಿಯ ನಲ್ಲಿಗೆ ಕೊನೆಯಲ್ಲಿ ನೀರು ಬಿಡುವುದು, ಗುತ್ತಿಗೆದಾರನೇ ಸದಸ್ಯನಾಗುವುದು, ನೆಂಟರ ಮನೆಯ ಕಂದಾಯ ಕೇಳಲು ಅಧ್ಯಕ್ಷರು ಹಿಂಜರಿಯುವುದು, ಯಾವುದೂ ಸುಳ್ಳಲ್ಲ.

ಆದರೆ ಆ ಬಲಾಢ್ಯರು ಶಾಸಕರ ಮನೆಯ ದಾರಿಯನ್ನೂ ಬಲ್ಲರು. ಕೇರಿಯವರಿಗೂ ಮಹಿಳೆಯರಿಗೂ ಮೀಸಲು ಕುರ್ಚಿ ಇರುವುದು ಪಂಚಾಯಿತಿಯಲ್ಲಿ, ಟೆಂಡರು ತೀರ್ಮಾನವಾಗುವ ಇಲಾಖೆಯಲ್ಲಲ್ಲ. ನೀರು ಬಿಡಿಸದ ಸದಸ್ಯನನ್ನು ಕೇರಿ ಐದು ವರ್ಷಕ್ಕೊಮ್ಮೆಯಾದರೂ ಮನೆಗೆ ಕಳಿಸಬಹುದು. ಪೈಪನ್ನು ಅರ್ಧ ಅಡಿಯಲ್ಲೇ ಹೂಳಿಸಿ ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರನ್ನು ಏನು ಮಾಡಬಹುದು? ಅಷ್ಟರಲ್ಲಿ ಅವನಿಗೆ ಬೇರೆ ಜಿಲ್ಲೆಗೆ ವರ್ಗವಾಗಿರುತ್ತದೆ.