ಸೇವೆಯೋ, ವಿಹಾರವೋ?

ಬೇಸಗೆಯ ರಜೆಯು ಈಚಿನ ದಶಕಗಳಲ್ಲಿ ಅನುಕೂಲಸ್ಥರ ಮನೆಗಳಲ್ಲಿ ಹೊಸದೊಂದು ವ್ರತವನ್ನು ಹುಟ್ಟಿಸಿದೆ. ಅಮೆರಿಕ, ಯೂರೋಪುಗಳ ಹದಿನೈದು ಹದಿನೆಂಟು ವಯಸ್ಸಿನ ಹುಡುಗ ಹುಡುಗಿಯರು ರಜೆ ಬಂದೊಡನೆ ವಿಮಾನವೇರಿ ಉಷ್ಣವಲಯದ ಯಾವುದಾದರೊಂದು ದೇಶವನ್ನು ಸೇರಿ, ಅಲ್ಲಿ ಒಂದೆರಡು ವಾರ ವನ್ಯಜೀವಿಗಳ ‘ಸೇವೆ’ ಮಾಡಿ ಹಿಂದಿರುಗುವರು. ಇದಕ್ಕಾಗಿ ತಾಯಿತಂದೆಗಳು ದೊಡ್ಡ ಶುಲ್ಕವನ್ನು ತೆರುವರು. ಹೋಗಿ ಬಂದುದಕ್ಕೆ ಪ್ರಮಾಣಪತ್ರವುಂಟು. ಮುಂದೆ ಕಾಲೇಜಿಗೆ ಅರ್ಜಿ ಬರೆಯುವಾಗ ಅದೊಂದು ಆಭರಣವೂ ಆಗುವುದು. ಹೊರನಾಡುಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಅವೇ ಶಾಲೆಗಳಲ್ಲಿ ಓದುತ್ತಿರುವುದರಿಂದ ಈ ವಿಚಾರವು ನಮಗೆ ಹೊರಗಿನದಲ್ಲ. ಈ ಪ್ರವಾಸಗಳಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾವು ಹೇಳುವುದಿಲ್ಲ. ಇವಕ್ಕೆ ಸೇವೆಯೆಂಬ ಹೆಸರು ಸಲ್ಲದು. ಇಷ್ಟೇ ನಮ್ಮ ವಾದ.

ಇಂತಹ ಯಾತ್ರೆಗಳಿಗೆ ಹೆಸರಾದ ಕೋಸ್ಟರಿಕ ದೇಶವನ್ನೇ ತೆಗೆದುಕೊಳ್ಳೋಣ. ಅದರ ಮೂಡಣ ಕರಾವಳಿಯಲ್ಲಿ ತೋರ್ತುಗೆರೋ ಎಂಬ ಹಳ್ಳಿಯಿದೆ. ಆಮೆ ಹಿಡಿಯುವವರ ಕಸುಬೇ ಆ ಊರಿಗೆ ಹೆಸರನ್ನು ಕೊಟ್ಟಿತು. ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಅಲ್ಲಿಯ ಮರಳಿಗೆ ಬರುವುವು. ಹಿಂದೆ ಜನರು ಅವನ್ನು ಹಿಡಿದು ಮಾಂಸಕ್ಕೆ ಮಾರುತ್ತಿದ್ದರು. 1950ರ ದಶಕದಲ್ಲಿ ಆರ್ಚೀ ಕಾರ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞರು ಅಲ್ಲಿಗೆ ಬಂದು, ಆಮೆಗಳಿಗೆ ಗುರುತಿನ ಬಿಲ್ಲೆಗಳನ್ನು ತೊಡಿಸಿ, ಅವುಗಳ ಹೋಗುಬರವುಗಳನ್ನು ವರ್ಷವರ್ಷವೂ ಬರೆದಿಡತೊಡಗಿದರು. 1987ರಲ್ಲಿ ಅವರು ತೀರಿಕೊಂಡ ಮೇಲೂ ಆ ಲೆಕ್ಕ ನಿಲ್ಲಲಿಲ್ಲ. 1975ರಲ್ಲಿ ಆ ಪ್ರದೇಶವು ಶಾಸನದಿಂದ ರಾಷ್ಟ್ರೀಯ ಉದ್ಯಾನವಾಯಿತು. ಆಮೆಯನ್ನು ಕೊಂದು ಬದುಕುತ್ತಿದ್ದ ಊರಿನವರು ಈಗ ಜೀವಂತ ಆಮೆಯನ್ನು ಯಾತ್ರಿಕರಿಗೆ ತೋರಿಸುವ ಮಾರ್ಗದರ್ಶಕರಾಗಿ ಬದುಕುತ್ತಾರೆ. ಕಾರ್ ಅವರೂ ಪರದೇಶದವರೇ ಅಲ್ಲವೆ ಎಂದು ಕೇಳುವವರುಂಟು. ಅಹುದು; ಆದರೆ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಅದಕ್ಕೆ ಕೊಟ್ಟರು. ಬರುವವರು ಪರದೇಶದವರೆಂದು ನಾವು ಆಕ್ಷೇಪಿಸುತ್ತಿಲ್ಲ, ಕ್ಷಣಿಕರೆಂದು ಆಕ್ಷೇಪಿಸುತ್ತಿದ್ದೇವೆ.

ಆಮೆಯ ಕಾಲವೇ ಬೇರೆ, ರಜೆಯ ಕಾಲವೇ ಬೇರೆ. ಮರಳಿನಲ್ಲಿ ಒಮ್ಮೆಗೆ ನೂರರಷ್ಟು ಇಟ್ಟ ಮೊಟ್ಟೆಗಳು ಒಡೆದು ಮರಿಗಳು ಹೊರಬೀಳಲು ಸುಮಾರು ಎರಡು ತಿಂಗಳು ಬೇಕು. ಆ ಹೆಣ್ಣುಮರಿ ಬೆಳೆದು, ತಾನು ಹುಟ್ಟಿದ ಕರಾವಳಿಗೆ ಮೊಟ್ಟೆಯಿಡಲು ತಿರುಗಿ ಬರಬೇಕಾದರೆ ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯುವುದು. ಎರಡು ವಾರಕ್ಕೆ ಬಂದ ಬಾಲಕನು ತನ್ನ ಕೈಯಿಂದ ಮಣ್ಣು ಮುಚ್ಚಿದ ಗೂಡು ಬಿರಿಯುವುದನ್ನು ಸಹ ನೋಡಲಾರನು. ಅವನು ಬಂದ ಮೊದಲ ದಿನಗಳು ಕಲಿಯುವುದರಲ್ಲಿ ಕಳೆಯುವುವು. ಕಲಿತುದು ಕೈಗೆ ಹತ್ತುವ ಹೊತ್ತಿಗೆ ಗಂಟುಮೂಟೆ ಕಟ್ಟುವ ದಿನ ಬಂದಿರುವುದು. ಮತ್ತೊಂದು ತಂಡ ಬಂದೊಡನೆ ಊರಿನ ಕೆಲಸಗಾರನು ಅದೇ ಪಾಠವನ್ನು ಮೊದಲಿನಿಂದ ಆರಂಭಿಸಬೇಕು. ಇಲ್ಲಿ ಯಾರು ಯಾರ ಸೇವೆ ಮಾಡಿದಂತಾಯಿತು?

ನಿಜವಾದ ಸೇವೆಯ ಬೆಲೆ ಏನೆಂಬುದನ್ನು ತಿಳಿಯಬೇಕಾದವರು ಅದೇ ಕರಾವಳಿಯ ಲಿಮೋನ್ ಪಟ್ಟಣದ ಸಮೀಪದಲ್ಲಿರುವ ಮೋಯಿನ್ ದಂಡೆಯನ್ನು ನೆನೆಯಬೇಕು. ಹೈರೋ ಮೋರಾ ಸಂದೋವಾಲ್ ಎಂಬ ಆ ನಾಡಿನ ತರುಣರು ಅಲ್ಲಿ ರಾತ್ರಿಯೆಲ್ಲ ತಿರುಗಿ, ಲೆದರ್‌ಬ್ಯಾಕ್ ಎಂಬ ಭಾರಿ ಕಡಲಾಮೆಗಳ ಮೊಟ್ಟೆಗಳನ್ನು ಕಳ್ಳರಿಂದ ಕಾಯುತ್ತಿದ್ದರು. 2013ನೆಯ ಮೇ ತಿಂಗಳ ಕೊನೆಯಲ್ಲಿ ಒಂದು ರಾತ್ರಿ ದುಷ್ಟರು ಅವರನ್ನು ಹಿಡಿದು ಕೊಂದರು. ಅವರಿಗೆ ಆಗ 26 ವರ್ಷ. ಜೊತೆಯಲ್ಲಿದ್ದ ಪರದೇಶದ ಸ್ವಯಂಸೇವಕಿಯರು ದೈವವಶಾತ್ ಪಾರಾದರು. ಅವರಲ್ಲಿ ದೋಷವೇನೂ ಇಲ್ಲ. ಆದರೆ ಇಷ್ಟನ್ನು ಯೋಚಿಸಬೇಕು: ಹೊರಗಿನಿಂದ ಬಂದವನಿಗೆ ಹಿಂದಿರುಗಲು ಬೇರೊಂದು ಮನೆಯಿದೆ; ಊರಿನವನಿಗೆ ಕಳ್ಳನೂ ನೆರೆಯವನೇ, ದಂಡೆಯೂ ಮನೆಯಂಗಳವೇ. ಈ ಎರಡು ಬಗೆಯ ದುಡಿಮೆಗೂ ಒಂದೇ ಹೆಸರಿಡುವುದು ನ್ಯಾಯವೆ?

ಪಡುವಣ ಕರಾವಳಿಯ ಓಸ್ತಿಯೋನಾಲ್ ಗ್ರಾಮವು ಇನ್ನೊಂದು ಪಾಠವನ್ನು ಹೇಳುತ್ತದೆ. ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಅಲ್ಲಿ ಸಾವಿರ ಸಾವಿರವಾಗಿ ಒಟ್ಟಿಗೆ ದಡ ಹತ್ತುವುವು. ಮೊದಲು ಬಂದವು ಇಟ್ಟ ಮೊಟ್ಟೆಗಳನ್ನು ಆಮೇಲೆ ಬಂದವು ಅಗೆದು ಹಾಳುಮಾಡುವುದುಂಟು. ಆದಕಾರಣ 1980ರ ದಶಕದಿಂದ ಆ ಮೊದಲ ಮೊಟ್ಟೆಗಳನ್ನು ತೆಗೆದು ಮಾರುವ ಹಕ್ಕನ್ನು ಸರಕಾರವು ಗ್ರಾಮಸ್ಥರಿಗೆ ಕೊಟ್ಟಿದೆ. ಅದಕ್ಕೆ ಬದಲಾಗಿ ಅವರು ದಂಡೆಯನ್ನು ಶುಚಿಯಾಗಿಡುವರು, ಕಾವಲಿರುವರು, ಮರಿಗಳನ್ನು ನಾಯಿ ಹದ್ದುಗಳಿಂದ ರಕ್ಷಿಸುವರು. ಈ ಏರ್ಪಾಡು ಕೆಲವರಿಗೆ ರುಚಿಸದಿರಬಹುದು. ಆದರೂ ಆಮೆಯ ಬಾಳು ಊರಿನವರ ಬಾಳಿಗೆ ಹೆಣೆದುಕೊಂಡಿರುವುದು ಇದರಿಂದಲೇ. 2015ರ ಸೆಪ್ಟೆಂಬರಿನಲ್ಲಿ ಇದೇ ದಂಡೆಗೆ ನೂರಾರು ಪ್ರೇಕ್ಷಕರು ನುಗ್ಗಿ, ಆಮೆಗಳ ದಾರಿಗೆ ಅಡ್ಡ ನಿಂತು, ಚಿತ್ರ ತೆಗೆಯಲು ಮಕ್ಕಳನ್ನು ಅವುಗಳ ಬೆನ್ನ ಮೇಲೆ ಕೂರಿಸಿದರು. ಎಷ್ಟೋ ಆಮೆಗಳು ಮೊಟ್ಟೆಯಿಡದೆ ಸಮುದ್ರಕ್ಕೆ ಹಿಂದಿರುಗಿದುವು. ಬಂದವರೆಲ್ಲರೂ ಆಮೆಯನ್ನು ಪ್ರೀತಿಸುವವರೇ! ಪ್ರೀತಿಗೆ ತಿಳಿವಳಿಕೆ ಜೊತೆಗೂಡದಿದ್ದರೆ ಅದೂ ಒಂದು ಹಿಂಸೆಯೇ.

ಪ್ರತಿಪಕ್ಷದವರು ಎರಡು ಮಾತು ಹೇಳುವರು. ಬಾಲಕರು ತೆರುವ ಹಣದಿಂದ ಸಂರಕ್ಷಣೆಯ ಕಾರ್ಯ ನಡೆಯುವುದೆಂಬುದು ಮೊದಲನೆಯದು. ಇದು ಕೆಲವೆಡೆ ನಿಜ. ಆದರೆ ಹಣವೇ ಉಪಕಾರವಾದರೆ ಹಣವನ್ನೇ ಕಳುಹಿಸಬಹುದಲ್ಲವೆ? ಶುಲ್ಕದಲ್ಲಿ ದಂಡೆಯ ಕಾವಲಿನವನಿಗೆ ಎಷ್ಟು ಸಂದಿತು, ನಡುವಿನ ವ್ಯಾಪಾರಿಗೆ ಎಷ್ಟು ಉಳಿಯಿತು ಎಂದು ಕೇಳುವ ತಾಯಿತಂದೆಗಳು ಎಷ್ಟು ಮಂದಿ? ತರಬೇತಿಯಿಲ್ಲದ ಬಾಲಕನೂ ಮಾಡಬಲ್ಲ ಕೆಲಸವಾದರೆ ಅದನ್ನು ಊರಿನ ಯುವಕನಿಗೆ ಕೂಲಿ ಕೊಟ್ಟು ಮಾಡಿಸುವುದೇ ಧರ್ಮ. ಬಾಲಕರ ಹೃದಯವು ವಿಶಾಲವಾಗುವುದೆಂಬುದು ಎರಡನೆಯ ಮಾತು. ಆಗಲಿ, ಸಂತೋಷ. ಆದರೆ ಅದು ವಿದ್ಯಾಭ್ಯಾಸ. ಅದಕ್ಕೆ ಗುರುದಕ್ಷಿಣೆ ಸಲ್ಲಬೇಕೇ ಹೊರತು ಶಿಷ್ಯನಿಗೆ ಉಪಕಾರಿಯೆಂಬ ಬಿರುದು ಸಲ್ಲದು. ಕಲಿಯಲು ಹೋದವನು ವಿನಯವನ್ನು ತರುವನು. ಉದ್ಧರಿಸಲು ಹೋದವನು ಅಹಂಕಾರವನ್ನು ತರುವನು.

ಮತ್ತೊಂದು ವಿಪರ್ಯಾಸವುಂಟು. ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಮರಳಿನ ಕಾವು ನಿರ್ಣಯಿಸುತ್ತದೆ. ಕಾವು ಏರಿದರೆ ಹೆಣ್ಣುಗಳೇ ಹೆಚ್ಚು. ಇನ್ನೂ ಏರಿದರೆ ಮೊಟ್ಟೆಯೇ ಸಾಯುವುದು. ಭೂಮಿಯ ಕಾವನ್ನು ಏರಿಸುವ ಹೊಗೆಯಲ್ಲಿ ವಿಮಾನದ ಪಾಲೂ ಉಂಟು. ಸಾವಿರಾರು ಮೈಲಿ ಹಾರಿ ಬಂದು ಗೂಡು ಕಾಯುವವನು ತಾನು ಕಾಯುವ ಮರಳನ್ನೇ ಬಿಸಿ ಮಾಡುವವರಲ್ಲಿ ಒಬ್ಬನಾಗುವನು.

ಹಾಗಾದರೆ ತರುಣರು ಏನು ಮಾಡಬೇಕು? ಉತ್ತರವು ಬಹು ದೂರದಲ್ಲಿಲ್ಲ. ಓಸ್ತಿಯೋನಾಲಿಗೆ ಬರುವ ಅದೇ ಜಾತಿಯ ಆಮೆಗಳು ಚೆನ್ನೈಯ ಮರಳಿಗೂ ಬರುವುವು. 1970ರ ದಶಕದಲ್ಲಿ ಅಲ್ಲಿಯ ಹಾವಿನ ಉದ್ಯಾನದವರು ಆರಂಭಿಸಿದ ರಾತ್ರಿಯ ನಡಿಗೆಯನ್ನು 1988ರಿಂದ ವಿದ್ಯಾರ್ಥಿಗಳೇ ತಮ್ಮದೊಂದು ಕೂಟ ಕಟ್ಟಿಕೊಂಡು ನಡೆಸಿಕೊಂಡು ಬಂದಿದ್ದಾರೆ. ಹಗಲು ಪಾಠ, ಇರುಳು ಹಲವು ಮೈಲಿಗಳ ನಡಿಗೆ. ಸಿಕ್ಕಿದ ಮೊಟ್ಟೆಗಳನ್ನು ಕಾವಲಿನ ಆವರಣಕ್ಕೆ ಸಾಗಿಸಿ, ಮರಿಗಳಾದ ಮೇಲೆ ಕಡಲಿಗೆ ಬಿಡುವರು. ಒಂದು ತಲೆಮಾರಿನವರು ಇನ್ನೊಂದಕ್ಕೆ ಒಪ್ಪಿಸಿದ ಕೆಲಸವಿದು. ನಮ್ಮ ಕನ್ನಡ ಕರಾವಳಿಯಲ್ಲಿಯೂ ಈ ಆಮೆಗಳು ಗೂಡು ಮಾಡುವುವು. ಮೀನುಗಾರರೂ ಅರಣ್ಯ ಇಲಾಖೆಯವರೂ ಅವನ್ನು ಕಾಯುತ್ತಾರೆ.

ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಹೇಳಿದರು. ದೂರದ ನಾಡನ್ನು ನೋಡಲು ಮಕ್ಕಳನ್ನು ಕಳುಹಿಸುವವರು ಕಳುಹಿಸಲಿ. ನೋಡಿ ಬರುವುದೆಂದೇ ಹೇಳಿ ಕಳುಹಿಸಲಿ. ಸೇವೆಯೆಂಬ ಮಾತನ್ನು ಮಾತ್ರ ರಜೆ ಮುಗಿದ ಮೇಲೂ ದಂಡೆಯಲ್ಲಿ ಉಳಿಯುವವರಿಗಾಗಿ ತೆಗೆದಿಡೋಣ.